ಮೊಣಕಾಲಿಲ್ಲದ ಹನ್ನೆರಡು ಮಂದಿ: ಕೆನ್ನರ್ ಕಂಪನಿಯ ಮೊದಲ ಸ್ಟಾರ್ ವಾರ್ಸ್ ಗೊಂಬೆಗಳು

ಸೂಕ್ಷ್ಮ ಅಳತೆಯ ವರ್ನಿಯರ್ ಹಿಡಿದು ಅಳೆದರೆ ಸ್ಟಾರ್ ವಾರ್ಸ್ ಸಿನಿಮಾದ ಲ್ಯೂಕ್ ಸ್ಕೈವಾಕರ್ ಗೊಂಬೆ 3.75 ಇಂಚು. ಲೇಯಾ ಅವನಿಗಿಂತ ಕಾಲು ಇಂಚು ಗಿಡ್ಡ. ಡಾರ್ತ್ ವೇಡರ್ ಮತ್ತು ಮೈತುಂಬ ಕೂದಲಿರುವ ಚ್ಯೂಬಾಕಾ ಇಬ್ಬರೂ 4.25. ಆರ್‌ಟೂ-ಡೀಟೂ ಅನ್ನೋ ದುಂಡು ರೋಬೋ, ಮುಸುಕು ಹಾಕಿದ ಜಾವಾ, ಇವೆರಡೂ 2.25. ಹನ್ನೆರಡು ಮಂದಿಯೂ ಸೇರಿ ಒಂದು ಬೊಗಸೆಯಷ್ಟು ಆಗುತ್ತಾರೆ.

ಆಟಿಕೆ ವಿಮರ್ಶೆಗೆ ವರ್ನಿಯರ್ ಯಾಕೆ ಅಂತೀರಾ? ನನ್ನ ಹೊಟ್ಟೆಪಾಡು ಅದು. ಪೀಣ್ಯದ ಟೂಲ್‌ರೂಮಿನಲ್ಲಿ ಕೆಲಸ ಕಲಿತವಳು ನಾನು. ಬಾಟಲಿ ಮುಚ್ಚಳ, ಸ್ವಿಚ್‌ಬೋರ್ಡಿನ ಕವರ್, ಮಿಕ್ಸಿಯ ಬಾಡಿ, ಹೀಗೆ ಪ್ಲಾಸ್ಟಿಕ್ ಸಾಮಾನಿಗೆ ಮೋಲ್ಡ್, ಅಂದರೆ ಅಚ್ಚು, ಡಿಸೈನ್ ಮಾಡಿ ಮಾಡಿ, ಈಗ ಅಮೆರಿಕದ ಒಹಾಯೋ ರಾಜ್ಯದ ಸಿನ್ಸಿನಾಟಿ ಹತ್ತಿರ ಅದೇ ಕೆಲಸದಲ್ಲಿದ್ದೇನೆ. ಈ ಗೊಂಬೆಗಳನ್ನು ಮಾಡಿದ ಕೆನ್ನರ್ ಕಂಪನಿ ಇದೇ ಊರಿನದು. ಗೊಂಬೆಯ ಹುಚ್ಚು ನನ್ನದಲ್ಲ, ಗಂಡನದು. ಅವರು ಕೊಳ್ಳುತ್ತಾರೆ, ನಾನು ತಿರುಗಿಸಿ ಪಾರ್ಟಿಂಗ್ ಲೈನ್, ಅಂದರೆ ಅಚ್ಚಿನ ಎರಡು ಭಾಗ ಸೇರಿದ ಗೆರೆ, ನೋಡುತ್ತೇನೆ.

ಈ ಬರಹ 1977 ಮತ್ತು 78ರ ಮೊದಲ ಹನ್ನೆರಡು ಗೊಂಬೆಗಳ ಬಗ್ಗೆ ಮಾತ್ರ. ಲ್ಯೂಕ್, ಲೇಯಾ, ಹ್ಯಾನ್ ಸೋಲೋ, ಬೆನ್ ಕೆನೋಬಿ, ವೇಡರ್, ಚ್ಯೂಬಾಕಾ, ಆರ್‌ಟೂ-ಡೀಟೂ, ಸೀ-ಥ್ರೀಪಿಓ, ಸ್ಟಾರ್ಮ್‌ಟ್ರೂಪರ್, ಜಾವಾ, ಸ್ಯಾಂಡ್ ಪೀಪಲ್, ಡೆತ್ ಸ್ಕ್ವಾಡ್ ಕಮಾಂಡರ್. ಆಗ ಒಂದೊಂದಕ್ಕೆ ಸುಮಾರು 2 ಡಾಲರ್. ಈಗ ನಾವು ಕೊಂಡಿರುವುದು ಪ್ಯಾಕ್ ಇಲ್ಲದ, ಯಾರೋ ಮಕ್ಕಳು ಆಡಿ ಬಿಟ್ಟ ಗೊಂಬೆಗಳನ್ನು. ಸಂಗ್ರಹಕಾರರು ಇದಕ್ಕೆ 'ಲೂಸ್' ಎನ್ನುತ್ತಾರೆ. ಕಾರ್ಡಿಗೆ ಅಂಟಿಕೊಂಡಿರುವ, ತೆರೆಯದ ಗೊಂಬೆಯ ಲೋಕವೇ ಬೇರೆ, ಅದರ ಲೆಕ್ಕವೇ ಬೇರೆ. ಆ ಕಡೆ ನಾನು ಹೋಗುವುದಿಲ್ಲ. ಪ್ಯಾಕಿನೊಳಗೇ ಇರುವ ಗೊಂಬೆಯ ಕೀಲು ಬಿಗಿ ಇದೆಯೋ ಇಲ್ಲವೋ ಯಾರಿಗೆ ಗೊತ್ತು?

ಮೊದಲು ಕೈಗೆ ತಗೊಳ್ಳೋಣ.

ಮನುಷ್ಯಾಕಾರದ ಗೊಂಬೆಗಳಲ್ಲಿ ಹೆಚ್ಚಿನವಕ್ಕೆ ಐದು ಕೀಲು. ಕುತ್ತಿಗೆ, ಎರಡು ಭುಜ, ಎರಡು ಸೊಂಟ. ಅಷ್ಟೇ. ಮೊಣಕೈ ಮಡಚುವುದಿಲ್ಲ, ಮೊಣಕಾಲು ಮಡಚುವುದಿಲ್ಲ. ಸ್ಟಾರ್ಮ್‌ಟ್ರೂಪರ್‌ಗಂತೂ ತಲೆಯೂ ತಿರುಗುವುದಿಲ್ಲ, ಹೆಲ್ಮೆಟ್ಟು ಮೈಗೇ ಸೇರಿಕೊಂಡಿದೆ. ತುಮಕೂರಿಂದ ಬಂದಿದ್ದ ನಮ್ಮಮ್ಮ ಹ್ಯಾನ್ ಸೋಲೋನನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. "ಅಲ್ವೇ, ಇದಕ್ಕೆ ಮೊಣಕಾಲೇ ಇಲ್ವಲ್ಲೇ! ಕೂತ್ಕೊಳ್ಳೋದು ಹೆಂಗೆ?"

"ಕಾಲು ನೀಡ್ಕೊಂಡು ಕೂತ್ಕೊಳ್ಳುತ್ತಮ್ಮ."

"ಇದಕ್ಕೆ ಇಷ್ಟು ದುಡ್ಡಾ?"

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಗೊಂಬೆಯ ಒಳಗಿದೆ. ಲ್ಯೂಕ್‌ನ ಪಕ್ಕೆ ನೋಡಿ. ಕಂಕುಳಿನಿಂದ ಸೊಂಟದವರೆಗೆ ಕೂದಲೆಳೆಯಷ್ಟು ಸಣ್ಣ ಗೆರೆ ಕಾಣುತ್ತದೆ. ಎದೆ ಒಂದು ತುಂಡು, ಬೆನ್ನು ಇನ್ನೊಂದು. ಕೈ, ಕಾಲು, ತಲೆಯ ಬುಡಗಳನ್ನು ಒಳಗಿಟ್ಟು ಎರಡು ತುಂಡನ್ನೂ ಮುಚ್ಚಿ ಅಂಟಿಸಿಬಿಟ್ಟರೆ ಗೊಂಬೆ ಮುಗಿಯಿತು. ಸ್ಕ್ರೂ ಇಲ್ಲ, ಸ್ಪ್ರಿಂಗ್ ಇಲ್ಲ, ಒಳಗೆ ರಬ್ಬರ್ ಕೊಂಡಿ ಇಲ್ಲ. ಜೋಡಿಸುವವರಿಗೆ ಕೆಲವೇ ಸೆಕೆಂಡಿನ ಕೆಲಸ. ಮುರಿಯಲು ಒಳಗೆ ಏನೂ ಇಲ್ಲ. ಐವತ್ತು ವರ್ಷ ಹತ್ತಿರವಾದರೂ ನಮ್ಮ ಹ್ಯಾನ್ ಸೋಲೋನ ಕಾಲು ಇಟ್ಟ ಕಡೆ ನಿಲ್ಲುತ್ತದೆ. ಕೆಲವು ಗೊಂಬೆಗಳ ಕಾಲು ಸಡಿಲವಾಗಿವೆ, ಅದು ಆಡಿದ ಮಕ್ಕಳ ಕೈಗುಣ.

ಮೊಣಕಾಲು ಕೊಟ್ಟಿದ್ದರೆ ಒಂದು ಕಾಲಿಗೆ ಎರಡು ತುಂಡು, ನಡುವೆ ಒಂದು ಪಿನ್ನು. ಮೋಲ್ಡಿನಲ್ಲಿ ಜಾಸ್ತಿ ಕ್ಯಾವಿಟಿ (ಪ್ಲಾಸ್ಟಿಕ್ ತುಂಬುವ ಗುಂಡಿ), ಜೋಡಣೆಗೆ ಜಾಸ್ತಿ ಕೈ, ಕೊನೆಗೆ ಜಾಸ್ತಿ ಬೆಲೆ. ಆ ಖರ್ಚನ್ನು ಉಳಿಸಿ ಎಲ್ಲಿ ಹಾಕಿದರು ಗೊತ್ತಾ? ಮುಖಕ್ಕೆ, ಬಟ್ಟೆಯ ಸುಕ್ಕಿಗೆ. ಬೆನ್ ಕೆನೋಬಿಯ ಗಡ್ಡ ನೋಡಿ, ಹ್ಯಾನ್ ಸೋಲೋನ ಬೆಲ್ಟಿನ ಬಕಲ್ ನೋಡಿ. ಚ್ಯೂಬಾಕಾನ ಕೂದಲನ್ನು ಎಳೆ ಎಳೆಯಾಗಿ ಕೆತ್ತಿದ್ದಾರೆ, ಬೆನ್ನ ಕಡೆಯೂ ಬಿಟ್ಟಿಲ್ಲ. ಅಗ್ಗದ ಗೊಂಬೆಗಳಲ್ಲಿ ಬೆನ್ನು ಯಾವಾಗಲೂ ಬೋಳು. ಅಲ್ಲೇ ತಯಾರಕರ ನಿಯತ್ತು ಗೊತ್ತಾಗೋದು.

ಒಳ್ಳೆಯದನ್ನು ಹೇಳಿದ ಮೇಲೆ ದೂರುಗಳೂ ಇವೆ. ಸ್ಟಾರ್ಮ್‌ಟ್ರೂಪರ್‌ನ ಮೈ ಹಳದಿಗೆ ತಿರುಗುತ್ತದೆ, ಕೈಕಾಲು ಮಾತ್ರ ಬೆಳ್ಳಗೇ ಉಳಿಯುತ್ತವೆ. ಎರಡೂ ಒಂದೇ ಪ್ಲಾಸ್ಟಿಕ್ ಅಲ್ಲ, ಅದಕ್ಕೆ. ಮೈಗೆ ಗಟ್ಟಿ ಪ್ಲಾಸ್ಟಿಕ್, ಕೈಕಾಲಿಗೆ ಸ್ವಲ್ಪ ಬಾಗುವಂಥದ್ದು. ಬಿಸಿಲಿಗೆ ಎರಡೂ ಬೇರೆ ಬೇರೆ ಥರ ಮುಪ್ಪಾಗುತ್ತವೆ. ನಮ್ಮ ಟ್ರೂಪರ್ ಬನಿಯನ್ನಿಗೆ ಅರಿಶಿನ ತಾಗಿಸಿಕೊಂಡವನ ಹಾಗಿದ್ದಾನೆ. ಸೀ-ಥ್ರೀಪಿಓನ ಚಿನ್ನದ ಲೇಪ ಚಂದ, ಆದರೆ ಮಕ್ಕಳು ಹಿಡಿಯುವ ಜಾಗದಲ್ಲೇ ಸವೆಯುತ್ತದೆ. ಆರ್‌ಟೂ-ಡೀಟೂನ ಮೈಮೇಲಿನ ನೀಲಿ ಗೆರೆಗಳೆಲ್ಲ ಒಂದು ಕಾಗದದ ಸ್ಟಿಕ್ಕರ್. ನೀರು ಬಿದ್ದರೆ ಕತೆ ಮುಗೀತು. ಆದರೆ ಅದರ ತಲೆ ತಿರುಗಿಸಿದಾಗ ಬರುವ ಕಟಕಟ ಶಬ್ದಕ್ಕೆ ಎಲ್ಲ ತಪ್ಪೂ ಮಾಫಿ. ಇಷ್ಟು ಸಣ್ಣ ಗೊಂಬೆಯಲ್ಲಿ ಆ ಕಟಕಟವನ್ನು ಕೂರಿಸಿದ್ದು ಯಾರೋ, ಅವರಿಗೆ ನನ್ನ ಸಲಾಮು.

ಕತ್ತಿಯ ವಿಷಯ ನೋಡಿ. ಲ್ಯೂಕ್, ಬೆನ್, ವೇಡರ್ ಮೂವರ ಬಲಗೈಯೊಳಗೆ ಒಂದು ಸಣ್ಣ ಕಾಲುವೆ ತೋಡಿದ್ದಾರೆ. ಅದರಲ್ಲಿ ಲೈಟ್‌ಸೇಬರ್ ಕೂತಿರುತ್ತದೆ. ಹೆಬ್ಬೆರಳಲ್ಲಿ ತಳ್ಳಿದರೆ ಅಂಗೈಯಿಂದ ಹೊರಗೆ ಬರುತ್ತದೆ. ಮೊದಮೊದಲು ಮಾಡಿದ ಕೆಲವು ಗೊಂಬೆಗಳಲ್ಲಿ ಆ ಕತ್ತಿಯೊಳಗಿಂದ ಇನ್ನೂ ಸಣ್ಣದೊಂದು ಎಳೆ ಹೊರಬರುತ್ತಿತ್ತು. ಎರಡು ಹಂತದ ಕತ್ತಿ. ಜಾಣತನ ಹೌದು, ಆದರೆ ಖರ್ಚು ಜಾಸ್ತಿ, ಮುರಿಯುವುದೂ ಸುಲಭ. ಬೇಗನೆ ಕೈಬಿಟ್ಟರು. ಈಗ ಆ ಎರಡು ಹಂತದ ಕತ್ತಿ ಇರುವ ಗೊಂಬೆ ಕೈಗೆ ಸಿಗದಷ್ಟು ದುಬಾರಿ. ನನ್ನ ಕೇಳಿದರೆ ಒಂದು ಹಂತದ್ದೇ ವಾಸಿ. ಅದರ ತುದಿ ಮುರಿಯದೆ ಉಳಿದಿರುವುದೇ ಅಪರೂಪ.

ಗೊಂಬೆಯ ಕಾಲಿನ ಹಿಂಭಾಗದಲ್ಲಿ ಸಣ್ಣ ಅಕ್ಷರ ಇದೆ. ಭೂತಗನ್ನಡಿ ಇಟ್ಟರೆ 'ಜಿ.ಎಂ.ಎಫ್.ಜಿ.ಐ. 1977 ಹಾಂಗ್‌ಕಾಂಗ್' ಎಂದು ಓದಬಹುದು. ಜನರಲ್ ಮಿಲ್ಸ್ ಫನ್ ಗ್ರೂಪ್ ಅಂತ ಅರ್ಥ. ಹೌದು, ಬೆಳಗಿನ ತಿಂಡಿಗೆ ಹಾಲಲ್ಲಿ ಹಾಕಿಕೊಳ್ಳುವ ಸೀರಿಯಲ್ ಮಾರುವ ಅದೇ ಜನರಲ್ ಮಿಲ್ಸ್. ಕೆನ್ನರ್ ಆಗ ಅವರ ಕೈಯಲ್ಲಿತ್ತು. ಸಿನ್ಸಿನಾಟಿಯಲ್ಲಿ ಸ್ಟೈನರ್ ಎಂಬ ಮೂವರು ಅಣ್ಣತಮ್ಮಂದಿರು 1940ರ ದಶಕದಲ್ಲಿ ಶುರು ಮಾಡಿದ ಕಂಪನಿ ಅದು. ಊರಿನ ಕೆನ್ನರ್ ಸ್ಟ್ರೀಟ್ ಎಂಬ ಬೀದಿಯ ಹೆಸರನ್ನೇ ಇಟ್ಟುಕೊಂಡರು. ಮಕ್ಕಳೇ ಕೇಕ್ ಬೇಯಿಸಬಹುದಾದ ಈಸಿ-ಬೇಕ್ ಅವನ್, ಚಕ್ರಗಳಲ್ಲಿ ಪೆನ್ನಿಟ್ಟು ಸುತ್ತಿಸುವ ಸ್ಪೈರೋಗ್ರಾಫ್, ಇವೆಲ್ಲ ಅಮೆರಿಕದಲ್ಲಿ ಕೆನ್ನರ್ ಮಾರಿದ್ದು.

ಸಿನಿಮಾದ ಗೊಂಬೆ ಮಾಡಿದ ಮೊದಲಿಗರು ಇವರೇನಲ್ಲ. 1956ರಲ್ಲಿ ಫರ್ಬಿಡನ್ ಪ್ಲಾನೆಟ್ ಸಿನಿಮಾದಲ್ಲಿ ರಾಬಿ ಎಂಬ ರೋಬೋ ಬಂದ. ಮರುವರ್ಷವೇ ಜಪಾನಿನ ನೊಮುರಾ ಕಂಪನಿ ಅವನನ್ನೇ ಹೋಲುವ ಬ್ಯಾಟರಿ ರೋಬೋವನ್ನು ತಗಡಿನಲ್ಲಿ ತಂದಿತು. ಹೆಸರು ಮಾತ್ರ 'ಮೆಕನೈಸ್ಡ್ ರೋಬೋಟ್'. ಪ್ಲಾನೆಟ್ ಆಫ್ ದಿ ಏಪ್ಸ್ ಬಂದದ್ದು 1968ರಲ್ಲಿ. ಅದರ ಗೊಂಬೆಗಳನ್ನು ಮೆಗೊ ಎಂಬ ಕಂಪನಿ ತಂದಾಗ ಐದಾರು ವರ್ಷ ಕಳೆದಿತ್ತು. ಎಂಟು ಇಂಚಿನ ಗೊಂಬೆ, ಮೈಮೇಲೆ ನಿಜವಾದ ಬಟ್ಟೆ. ಚೆನ್ನಾಗಿ ಮಾರಾಟವಾಯಿತು. ಆದರೂ ಸಿನಿಮಾ ಥಿಯೇಟರಿನಲ್ಲಿ ಇರುವಾಗಲೇ ಅದರ ಗೊಂಬೆ ಅಂಗಡಿಯಲ್ಲಿ ಇರಬೇಕು ಅನ್ನೋ ಯೋಚನೆ ಆಗಿನ್ನೂ ಬೇರೂರಿರಲಿಲ್ಲ. ಸಿನಿಮಾ ಕೆಲವು ವಾರ ಓಡಿ ಹೋಗುತ್ತದೆ, ಗೊಂಬೆ ಮಾಡಲು ವರ್ಷ ಬೇಕು. ಟಿವಿ ಸೀರಿಯಲ್ಲಾದರೆ ವಾರವಾರವೂ ಬರುತ್ತದೆ, ಅದಕ್ಕೆ ಗೊಂಬೆ ಮಾಡಿದರೆ ನಷ್ಟವಿಲ್ಲ. ವ್ಯಾಪಾರಸ್ಥರ ಲೆಕ್ಕ ತಪ್ಪೇನಲ್ಲ.

ಸ್ಟಾರ್ ವಾರ್ಸ್ ಗೊಂಬೆಗಳ ಹಕ್ಕು ಇದೇ ಮೆಗೊ ಕಂಪನಿಯ ಬಾಗಿಲಿಗೆ ಬಂದಿತ್ತು. ಬೇಡ ಅಂದರು. ಮೆಗೊ 1980ರ ದಶಕದ ಆರಂಭದಲ್ಲಿ ದಿವಾಳಿಯಾಯಿತು. ಕೆನ್ನರ್‌ನಲ್ಲಿ ಜಿಮ್ ಸ್ವೇರಿಂಜೆನ್ ಎಂಬ ಡಿಸೈನರ್ ಚಿತ್ರಕಥೆ ಓದಿ, ಇದನ್ನು ಬಿಡಬಾರದು ಅಂತ ಪಟ್ಟು ಹಿಡಿದರು. ಅಂಗಡಿಯಲ್ಲಿ ಆಗಲೇ ಸಿಗುತ್ತಿದ್ದ ಫಿಶರ್-ಪ್ರೈಸ್‌ನ ಅಡ್ವೆಂಚರ್ ಪೀಪಲ್ ಗೊಂಬೆಗಳನ್ನೇ ತಿದ್ದಿ, ಬಣ್ಣ ಹಚ್ಚಿ, ಮಾದರಿ ಮಾಡಿ ತೋರಿಸಿದರು. ಆ ಗೊಂಬೆಗಳೂ 3.75 ಇಂಚಿನ ಆಸುಪಾಸಿನವೇ.

ಗೊಂಬೆ ಎಷ್ಟು ದೊಡ್ಡದಿರಬೇಕು ಅನ್ನೋ ಪ್ರಶ್ನೆ ಬಂದಾಗ ಕೆನ್ನರ್ ಅಧ್ಯಕ್ಷ ಬರ್ನಾರ್ಡ್ ಲೂಮಿಸ್ ಹೆಬ್ಬೆರಳು ತೋರುಬೆರಳು ಅಗಲಿಸಿ ಇಷ್ಟು ಅಂದರು, ಅಳೆದರೆ 3.75 ಬಂತು ಅಂತ ಒಂದು ಕತೆ ಓಡಾಡುತ್ತದೆ. ಕೇಳೋಕೆ ಚೆನ್ನಾಗಿದೆ. ನನ್ನ ತಲೆಗೆ ಹತ್ತುವುದು ಲೆಕ್ಕ. ಈ ಗೊಂಬೆಗಳ ಮಿಲೇನಿಯಂ ಫಾಲ್ಕನ್ ಎಂಬ ಬಾಹ್ಯಾಕಾಶ ಹಡಗನ್ನು ಕೆನ್ನರ್ 1979ರಲ್ಲಿ ತಂದಿತು. ಉದ್ದ ಸುಮಾರು 21 ಇಂಚು. ಗೊಂಬೆಗಳು ಜಿ.ಐ. ಜೋ ಎಂಬ ಹಳೆ ಸೈನಿಕ ಗೊಂಬೆಯ ಥರ 12 ಇಂಚಿನವಾಗಿದ್ದರೆ ಅದೇ ಹಡಗು ಐದೂವರೆ ಅಡಿ ಉದ್ದ ಆಗಬೇಕಿತ್ತು. ಮಂಚದ ಸೈಜು! ಯಾವ ತಾಯಿ ಅದನ್ನು ಮನೆಗೆ ತರುತ್ತಾಳೆ? ಇನ್ನು ಪ್ಲಾಸ್ಟಿಕ್. ಎತ್ತರ 12ರಿಂದ 3.75ಕ್ಕೆ ಇಳಿದರೆ, ಅದೇ ಆಕಾರದ ಗಟ್ಟಿ ಗೊಂಬೆಗೆ ಬೇಕಾಗುವ ಪ್ಲಾಸ್ಟಿಕ್ ಸುಮಾರು ಮೂವತ್ತಮೂರು ಪಟ್ಟು ಕಡಿಮೆ. ದೊಡ್ಡ ಗೊಂಬೆ ಒಳಗೆ ಟೊಳ್ಳಿರುತ್ತದೆ, ಒಪ್ಪುತ್ತೇನೆ. ಆದರೂ ಉಳಿತಾಯ ಸಣ್ಣದಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಪ್ಲಾಸ್ಟಿಕ್ಕಿನ ಬೆಲೆ ಏರಿದ್ದ ಕಾಲ ಅದು. ಇಷ್ಟಾಗಿಯೂ ಕೆನ್ನರ್ 12 ಇಂಚಿನ ದೊಡ್ಡ ಗೊಂಬೆಗಳನ್ನೂ ಮಾಡಿ ನೋಡಿತು. ಅವು ಚಿಕ್ಕವುಗಳ ಮುಂದೆ ಸಪ್ಪೆಯಾದವು. ಮಕ್ಕಳಿಗೆ ಬೇಕಿದ್ದದ್ದು ಹಡಗಿನೊಳಗೆ ಕೂರುವ ಪೈಲಟ್ಟು.

ನನ್ನ ಗಂಡನ ಬಾಲ್ಯ ದಾವಣಗೆರೆಯಲ್ಲಿ. ತೊಂಬತ್ತರ ದಶಕದಲ್ಲಿ ಅವರ ಕೈಯಲ್ಲಿ ಇದ್ದದ್ದು ಫನ್‌ಸ್ಕೂಲ್ ಕಂಪನಿಯ ಜಿ.ಐ. ಜೋ. ಅಮೆರಿಕದ ಹಾಸ್ಬ್ರೋ ಎಂಬ ಆಟಿಕೆ ಕಂಪನಿ ಜಿ.ಐ. ಜೋವನ್ನು 1982ರಲ್ಲಿ 3.75 ಇಂಚಿಗೆ ಇಳಿಸಿ ಮತ್ತೆ ಬಿಟ್ಟದ್ದು ಸ್ಟಾರ್ ವಾರ್ಸ್ ಗೊಂಬೆಗಳ ಓಟ ನೋಡಿದ ಮೇಲೆಯೇ. ಅದನ್ನೇ ಫನ್‌ಸ್ಕೂಲ್ ಇಂಡಿಯಾದಲ್ಲಿ ಮಾರಿತು. ಅಂದರೆ ಸ್ಟಾರ್ ವಾರ್ಸ್ ಹೆಸರೇ ಕೇಳದ ದಾವಣಗೆರೆಯ ಹುಡುಗರೂ ಸಿನ್ಸಿನಾಟಿಯವರು ಗೆಲ್ಲಿಸಿದ ಅಳತೆಯಲ್ಲೇ ಆಡಿದ್ದಾರೆ. ಈ ಮಾತು ಹೇಳಿದಾಗ ನಮ್ಮವರು ಎರಡು ಗೊಂಬೆ ಜಾಸ್ತಿ ಕೊಳ್ಳಲು ಅದನ್ನೇ ನೆಪ ಮಾಡಿಕೊಂಡರು. ಅದಿರಲಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಖಾಲಿ ಡಬ್ಬಿಯ ಕತೆ.

ಸಿನಿಮಾ ಬಿಡುಗಡೆಯಾದದ್ದು 1977ರ ಮೇ 25ಕ್ಕೆ. ಕೆನ್ನರ್ ಜೊತೆ ಒಪ್ಪಂದ ಆಗಿದ್ದು ಅದಕ್ಕೆ ಸ್ವಲ್ಪವೇ ಮುಂಚೆ. ಜನ ಥಿಯೇಟರಿನ ಮುಂದೆ ಸಾಲುಗಟ್ಟಿ ನಿಂತರು. ಡಿಸೆಂಬರಿಗೆ ಕ್ರಿಸ್‌ಮಸ್. ಅಮೆರಿಕದಲ್ಲಿ ಆಟಿಕೆ ವ್ಯಾಪಾರ ಅಂದರೆ ಆ ಕೆಲವು ವಾರಗಳೇ. ಮಧ್ಯೆ ಇರುವುದು ಏಳು ತಿಂಗಳು. ಸಾಲದಾ ಅಂತ ಹೊರಗಿನವರು ಕೇಳಬಹುದು. ಟೂಲ್‌ರೂಮಿನಲ್ಲಿ ಕೆಲಸ ಮಾಡಿದವರು ಯಾರೂ ಕೇಳುವುದಿಲ್ಲ.

ಮೊದಲು ಶಿಲ್ಪಿ ಕೈಯಲ್ಲಿ ಗೊಂಬೆ ಕೆತ್ತಬೇಕು. ಆಗ ಕಂಪ್ಯೂಟರಿನಲ್ಲಿ ಮುಖ ಕೆತ್ತುವ ಕಾಲವಲ್ಲ. ಸಿನಿಮಾದವರು ನೋಡಿ ಒಪ್ಪಬೇಕು. ಮೂಗು ಸರಿ ಇಲ್ಲ ಅಂದರೆ ಮತ್ತೆ ಕೆತ್ತಬೇಕು. ಅಚ್ಚು ತೆಗೆದು ಗಟ್ಟಿ ಮಾದರಿ ಮಾಡಬೇಕು. ಅದನ್ನು ನೋಡಿಕೊಂಡು ಉಕ್ಕಿನಲ್ಲಿ ಮೋಲ್ಡ್ ಕಡೆಯಬೇಕು. ಒಂದು ಗೊಂಬೆಗೆ ಎದೆ, ಬೆನ್ನು, ತಲೆ, ಎರಡು ಕೈ, ಎರಡು ಕಾಲು, ಕೈಯಲ್ಲಿ ಒಂದು ಆಯುಧ. ಹನ್ನೆರಡು ಗೊಂಬೆಗೆ ಎಷ್ಟು ಕ್ಯಾವಿಟಿ ಅಂತ ನೀವೇ ಲೆಕ್ಕ ಹಾಕಿ. ಮೋಲ್ಡನ್ನು ಮಶೀನಿಗೆ ಹಾಕಿ ಟ್ರಯಲ್ ತೆಗೆದರೆ ಮೊದಲ ಶಾಟ್ ಯಾವತ್ತೂ ಸರಿ ಬರುವುದಿಲ್ಲ. ಎಲ್ಲೋ ಅಂಚಿನಿಂದ ಪ್ಲಾಸ್ಟಿಕ್ ಹೊರಬಂದು ಫ್ಲಾಶ್ ಆಗುತ್ತದೆ, ಎಲ್ಲೋ ಪ್ಲಾಸ್ಟಿಕ್ ಪೂರ್ತಿ ತುಂಬಿರುವುದಿಲ್ಲ. ಪೀಣ್ಯದಲ್ಲಿ ನಮ್ಮ ಮೇಸ್ತ್ರಿ ಮೊದಲ ಟ್ರಯಲ್ ಕೈಗೆ ತಗೊಂಡು ಮಾತೇ ಆಡದೆ ಸ್ಕ್ರ್ಯಾಪ್ ಡಬ್ಬಕ್ಕೆ ಎಸೆಯುತ್ತಿದ್ದರು. ಮೋಲ್ಡ್ ಬಿಚ್ಚು, ತಿದ್ದು, ಪಾಲಿಶ್ ಮಾಡು, ಮತ್ತೆ ಹಾಕು. ಆಮೇಲೆ ಬಣ್ಣ. ಲೇಯಾಳ ಕೂದಲಿಗೆ, ತುಟಿಗೆ, ಕಣ್ಣಿಗೆ ಬಣ್ಣ ಹಾಕಲು ಬೇರೆ ಬೇರೆ ಮಾಸ್ಕ್ ಬೇಕು. ಇದೆಲ್ಲ ಮುಗಿದು ಹಾಂಗ್‌ಕಾಂಗಿನಿಂದ ಹಡಗಿನಲ್ಲಿ ಬರಬೇಕು. ಏಳು ತಿಂಗಳಲ್ಲಿ ಆಗದ ಮಾತು.

ಹಾಗಾಗಿ ಕೆನ್ನರ್ ರಟ್ಟಿನ ಒಂದು ಲಕೋಟೆ ಮಾರಿತು. ಅರ್ಲಿ ಬರ್ಡ್ ಸರ್ಟಿಫಿಕೇಟ್ ಪ್ಯಾಕೇಜ್ ಅಂತ ಹೆಸರು. ಒಳಗೆ ಹನ್ನೆರಡೂ ಗೊಂಬೆಗಳ ಚಿತ್ರವಿರುವ ರಟ್ಟಿನ ಸ್ಟ್ಯಾಂಡು, ಸ್ಟಿಕ್ಕರ್, ಕ್ಲಬ್ಬಿನ ಸದಸ್ಯತ್ವದ ಕಾರ್ಡು, ಮತ್ತು ಒಂದು ಸರ್ಟಿಫಿಕೇಟು. ಅದನ್ನು ಅಂಚೆಗೆ ಹಾಕಿದರೆ ಲ್ಯೂಕ್, ಲೇಯಾ, ಚ್ಯೂಬಾಕಾ, ಆರ್‌ಟೂ-ಡೀಟೂ, ಈ ನಾಲ್ಕು ಗೊಂಬೆ ಮನೆಗೆ ಬರುತ್ತವೆ. ಯಾವಾಗ? ಫೆಬ್ರವರಿಯಿಂದ ಜೂನ್ ಒಳಗೆ. ಕ್ರಿಸ್‌ಮಸ್ ಬೆಳಿಗ್ಗೆ ಮಗು ಕಾಗದ ಹರಿದು ನೋಡಿದರೆ ರಟ್ಟು. ಪತ್ರಿಕೆಗಳು ಗೇಲಿ ಮಾಡಿದವು, ಕೆಲವು ಅಂಗಡಿಗಳು ಇಟ್ಟುಕೊಳ್ಳಲೂ ಒಪ್ಪಲಿಲ್ಲ.

ಗ್ರಾಹಕಿಯಾಗಿ ಕೇಳಿದರೆ ಇದಕ್ಕೆ ನಾನು ಐದಕ್ಕೆ ಒಂದೇ ಅಂಕ ಕೊಡುತ್ತೇನೆ. ಟೂಲ್‌ರೂಮಿನವಳಾಗಿ ಕೇಳಿದರೆ ಐದಕ್ಕೆ ಐದು. ತರಾತುರಿಯಲ್ಲಿ ಅರೆಬೆಂದ ಗೊಂಬೆ ಮಾಡಿ ಅಂಗಡಿಗೆ ತಳ್ಳುವ ಬದಲು, ಆಗಲ್ಲ, ಕಾಯಿರಿ ಅಂತ ನೇರವಾಗಿ ಹೇಳಿದರಲ್ಲ. ಮೋಲ್ಡಿಗೆ ಬೇಕಾದ ಸಮಯ ಕೊಟ್ಟರು. ನಮ್ಮ ಕಡೆ ಎಷ್ಟು ಜನ ಗಿರಾಕಿಗಳು, "ದೀಪಾವಳಿಗೆ ಮಾಲು ಬೇಕು, ಹೆಂಗಾದ್ರೂ ಮಾಡಿ" ಅಂತ ಮೋಲ್ಡನ್ನು ಅರ್ಧಕ್ಕೇ ಮಶೀನಿಗೆ ಏರಿಸಿ, ಆಮೇಲೆ ಮಾಲು ವಾಪಸ್ಸು ಬಂದಾಗ ನಮ್ಮನ್ನು ಬೈದಿಲ್ಲ! ಆ ರಟ್ಟಿನ ಲಕೋಟೆಯನ್ನು ಒಂದು ಪ್ರದರ್ಶನದಲ್ಲಿ ಗಾಜಿನೊಳಗೆ ಇಟ್ಟಿದ್ದನ್ನು ನೋಡಿದೆ. ಜನ ಗೊಂಬೆಗಳನ್ನು ನೋಡುತ್ತಿದ್ದರು, ನಾನು ಅದರ ಮುಂದೆ ನಿಂತಿದ್ದೆ. ಗಂಡ ಬಂದು ಎಳೆದುಕೊಂಡು ಹೋದರು.

1978ರಲ್ಲಿ ಗೊಂಬೆಗಳು ಅಂಗಡಿಗೆ ಬಂದವು. ಆ ಒಂದೇ ವರ್ಷ ಕೆನ್ನರ್ 4 ಕೋಟಿಗಿಂತ ಹೆಚ್ಚು ಸ್ಟಾರ್ ವಾರ್ಸ್ ಆಟಿಕೆ ಮಾರಿತು. ಹಣದ ಲೆಕ್ಕದಲ್ಲಿ 10 ಕೋಟಿ ಡಾಲರ್ ದಾಟಿತು. ನಿರ್ದೇಶಕ ಜಾರ್ಜ್ ಲ್ಯೂಕಾಸ್ ಇಂಥ ಸಾಮಾನುಗಳ ಹಕ್ಕನ್ನು ಸ್ಟುಡಿಯೋಗೆ ಬಿಡದೆ ತಾನೇ ಇಟ್ಟುಕೊಂಡಿದ್ದ. ಮುಂದಿನದು ಎಲ್ಲರಿಗೂ ಗೊತ್ತು.

ಇನ್ನು ಸಂಗ್ರಹಕಾರರ ವಿಷಯ. ಇಲ್ಲಿ ನನಗೂ ನಮ್ಮವರಿಗೂ ಜಗಳ. ಆಟಿಕೆಯ ಲೋಕದಲ್ಲಿ ಯಾವುದು ಜಾಸ್ತಿ ಕೆಟ್ಟಿದೆಯೋ ಅದಕ್ಕೆ ಜಾಸ್ತಿ ಬೆಲೆ. ನನ್ನ ಕಸುಬಿನಲ್ಲಿ ರಿಜೆಕ್ಟ್ ಡಬ್ಬಕ್ಕೆ ಹೋಗುವ ಪೀಸು ಇವರ ಕಪಾಟಿನಲ್ಲಿ ಮೇಲಿನ ಹಲಗೆ ಹತ್ತುತ್ತದೆ.

ಜಾವಾನನ್ನೇ ನೋಡಿ. ಮೊದಲು ಅವನಿಗೆ ವಿನೈಲ್ ಹಾಳೆಯ ಕೇಪು ಇತ್ತು. ಗೊಂಬೆ ಬರೀ 2.25 ಇಂಚು, ಮೇಲೆ ತೆಳು ಪ್ಲಾಸ್ಟಿಕ್ ಹೊದಿಕೆ. ದೊಡ್ಡ ಗೊಂಬೆಯಷ್ಟೇ ಬೆಲೆಗೆ ಇದು ತೀರಾ ಅಗ್ಗವಾಗಿ ಕಾಣುತ್ತದೆ ಅಂತ ಕಂಪನಿಗೇ ಅನಿಸಿತು. ತೆಗೆದು ಬಟ್ಟೆಯ ನಿಲುವಂಗಿ ಹೊಲಿಸಿ ಹಾಕಿದರು. ಬಟ್ಟೆಯದು ನೋಡೋಕೂ ಚಂದ, ಮುಟ್ಟೋಕೂ ಚಂದ. ಆದರೆ ಹರಾಜಿನಲ್ಲಿ ಸಾವಿರಾರು ಡಾಲರ್ ಎಣಿಸುವುದು ಆ ವಿನೈಲ್ ಹಾಳೆಗೆ.

ಸ್ನ್ಯಾಗಲ್‌ಟೂತ್ ಅಂತ ಇನ್ನೊಬ್ಬ ಇದ್ದಾನೆ. ಅವನು ಹನ್ನೆರಡರ ಪೈಕಿ ಅಲ್ಲ, ಆದರೂ ಹೇಳಲೇಬೇಕು. ಕೆನ್ನರ್‌ಗೆ ಸಿಕ್ಕಿದ್ದ ಫೋಟೋದಲ್ಲಿ ಅವನ ಮೇಲ್ಭಾಗ ಮಾತ್ರ ಇತ್ತು. ಕಾಲು ಎಷ್ಟುದ್ದ ಅಂತ ತಿಳಿಯದೆ ಉದ್ದ ಕಾಲು, ನೀಲಿ ಬಟ್ಟೆ, ಬೂಟು ಹಾಕಿ ಮಾಡಿದರು. 1978ರಲ್ಲಿ ಸಿಯರ್ಸ್ ಅಂಗಡಿಯ ಕ್ಯಾಂಟೀನಾ ಸೆಟ್ಟಿನಲ್ಲಿ ಮಾರಿದರು. ಸಿನಿಮಾದಲ್ಲಿ ನೋಡಿದರೆ ಅವನು ಕುಳ್ಳ, ಬಟ್ಟೆ ಕೆಂಪು! ಆಮೇಲೆ ತಿದ್ದಿ ಕೆಂಪು ಕುಳ್ಳನನ್ನು ಬಿಟ್ಟರು. ಡ್ರಾಯಿಂಗ್ ಪೂರ್ತಿ ಕೊಡದೆ ಪಾರ್ಟ್ ಮಾಡಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಇದನ್ನು ಎಲ್ಲ ಐಟಿಐಗಳಲ್ಲೂ ಗಾಜಿನೊಳಗೆ ಇಡಬೇಕು.

ಎಲ್ಲಕ್ಕಿಂತ ದೊಡ್ಡದು ಬೋಬಾ ಫೆಟ್ ಎಂಬ ಪಾತ್ರದ ಗೊಂಬೆಯ ಕತೆ. 1979ರಲ್ಲಿ ನಾಲ್ಕು ಗೊಂಬೆ ಕೊಂಡ ಗುರುತನ್ನು ಕತ್ತರಿಸಿ ಕಳಿಸಿದರೆ, ಬೆನ್ನಿನಿಂದ ರಾಕೆಟ್ ಹಾರಿಸುವ ಬೋಬಾ ಫೆಟ್ ಉಚಿತ ಅಂತ ಜಾಹೀರಾತು ಕೊಟ್ಟರು. ಅಷ್ಟರಲ್ಲಿ ಬೇರೊಂದು ಕಂಪನಿಯ ಆಟಿಕೆ ಹಡಗಿನ ಸಣ್ಣ ಕ್ಷಿಪಣಿ ಗಂಟಲಲ್ಲಿ ಸಿಕ್ಕಿಕೊಂಡು ಒಂದು ಮಗು ತೀರಿಕೊಂಡಿತು. ಕೆನ್ನರ್ ಹಿಂದೆ ಸರಿಯಿತು. ಮಕ್ಕಳಿಗೆ ಹೋದ ಗೊಂಬೆಯ ರಾಕೆಟ್ಟು ಅಲ್ಲಾಡದಂತೆ ಅಂಟಿಸಿದ್ದು. ಸರಿಯಾದ ನಿರ್ಧಾರ. ಆದರೆ ರಾಕೆಟ್ ಹಾರುವ ಕೆಲವು ಟ್ರಯಲ್ ಪೀಸುಗಳು ಉಳಿದುಕೊಂಡವು. ನಾವು ಪೀಣ್ಯದಲ್ಲಿ ಸ್ಕ್ರ್ಯಾಪಿಗೆ ಹಾಕುತ್ತಿದ್ದ ಜಾತಿಯವು. 2024ರಲ್ಲಿ ಅಂಥದ್ದೊಂದು ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು. ಗಂಡ ಈ ಸುದ್ದಿ ಓದಿ ಹೇಳಿದಾಗ ನಮ್ಮ ಮೇಸ್ತ್ರಿಯ ಸ್ಕ್ರ್ಯಾಪ್ ಡಬ್ಬ ಕಣ್ಣ ಮುಂದೆ ಬಂತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಷ್ಟು ದುಡ್ಡು ಓಡಾಡುವ ಕಡೆ ನಕಲಿ ಬರದೇ ಇರುತ್ತದಾ? ಆನ್‌ಲೈನಿನಲ್ಲಿ ಒಬ್ಬರಿಂದ ತರಿಸಿದ ಸ್ಟಾರ್ಮ್‌ಟ್ರೂಪರ್‌ನ ಬಂದೂಕು ಕೈಗೆ ಬಂದ ಕೂಡಲೇ ಅನುಮಾನ ಬಂತು. ಅಂಚಿನಲ್ಲಿ ಚೂಪು ಇಲ್ಲ, ಮೇಲ್ಮೈ ಅಂಟಂಟು. ನಕಲಿ ಮಾಡುವವರು ಅಸಲಿಯಿಂದಲೇ ಅಚ್ಚು ತೆಗೆಯುತ್ತಾರೆ. ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ, ಹಾಗಾಗಿ ನಕಲು ಅಸಲಿಗಿಂತ ಸ್ವಲ್ಪ ಚಿಕ್ಕದಾಗಿರುತ್ತದೆ. ವರ್ನಿಯರ್ ಇಟ್ಟೆ, ಹಾಗೇ ಇತ್ತು. ಸಂಗ್ರಹಕಾರರು ಬಂದೂಕನ್ನು ನೀರಿಗೆ ಹಾಕಿ ನೋಡುತ್ತಾರೆ, ತೇಲಿದರೆ ಅಸಲಿ ಅಂತ. ಪೂರ್ತಿ ನಂಬಬೇಡಿ. ಮುಳುಗುವ ಅಸಲಿಗಳೂ ಇವೆ, ತೇಲುವ ನಕಲಿಗಳೂ ಬಂದಿವೆ. ಅಸಲಿ ಒಂದನ್ನು ಪಕ್ಕದಲ್ಲಿಟ್ಟು ಅಂಚು, ಅಳತೆ, ಹೊಳಪು ಮೂರನ್ನೂ ಹೋಲಿಸುವುದೇ ವಾಸಿ. ವಿನೈಲ್ ಕೇಪಿನ ಜಾವಾನಂತೂ ಪೂರ್ತಿ ಮೋಸದ ಗಣಿ. ಬೆನ್ ಕೆನೋಬಿಯ ಕೇಪನ್ನೇ ಕತ್ತರಿಸಿ ಜಾವಾಗೆ ತೊಡಿಸಿ ಮಾರುತ್ತಾರೆ.

ಕೆನ್ನರ್ ಈಗಿಲ್ಲ. ಹಳೆ ಸ್ಟಾರ್ ವಾರ್ಸ್ ಸರಣಿ 1985ರಲ್ಲಿ ನಿಂತಿತು. ಕಂಪನಿ ಕೈ ಬದಲಾಗುತ್ತಾ 1991ರಲ್ಲಿ ಹಾಸ್ಬ್ರೋ ಪಾಲಾಯಿತು, 2000ದಲ್ಲಿ ಸಿನ್ಸಿನಾಟಿಯ ಆಫೀಸಿಗೂ ಬೀಗ ಬಿತ್ತು. 2012ರಲ್ಲಿ ರಾಚೆಸ್ಟರ್‌ನ ಆಟಿಕೆ ಮ್ಯೂಸಿಯಂ ಈ ಗೊಂಬೆಗಳನ್ನು ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿತು. 2019ರಿಂದ ಹಾಸ್ಬ್ರೋ ರೆಟ್ರೋ ಕಲೆಕ್ಷನ್ ಎಂಬ ಹೆಸರಲ್ಲಿ ಅದೇ ಅಳತೆ, ಅದೇ ಐದು ಕೀಲಿನ ಗೊಂಬೆಗಳನ್ನು ಮತ್ತೆ ತರುತ್ತಿದೆ. ಮೊದಲು ಬಂದಾಗ ಸುಮಾರು 10 ಡಾಲರ್. ಕಾರ್ಡಿನ ಮೇಲೆ ಹಳೆಯದರಂತೆ ಸವೆದ ಗುರುತನ್ನೂ ಮುದ್ರಿಸಿದ್ದಾರೆ. ಹೊಸ ಸೀರೆಗೆ ತೇಪೆ ಯಾಕೆ ಅಂತ ನನಗನಿಸುತ್ತದೆ, ನಮ್ಮವರಿಗೆ ಅದೇ ಇಷ್ಟ. ಮಕ್ಕಳಿರುವ ಮನೆಗೆ ಮಾತ್ರ ಹೊಸದೇ ತಗೊಳ್ಳಿ. ಹಳೆ ಪ್ಲಾಸ್ಟಿಕ್ಕು, ಹಳೆ ಬಣ್ಣ ಮಕ್ಕಳ ಬಾಯಿಗೆ ಹೋಗುವುದು ಬೇಡ.

ದೊಡ್ಡವರು ತಮಗಾಗಿ ಕೊಳ್ಳುವುದಾದರೆ ಹನ್ನೆರಡೂ ಬೇಕು ಅಂತ ಹಟ ಬೇಡ. ಮೊದಲು ಒಂದು ಚ್ಯೂಬಾಕಾ ತಗೊಳ್ಳಿ. ಅಪರೂಪವಲ್ಲ, ಬೆಲೆ ಜೇಬು ಸುಡುವುದಿಲ್ಲ, ಹಳದಿಯಾಗಲು ಬಿಳಿ ಜಾಗ ಇಲ್ಲ, ಕೆತ್ತನೆ ಎಲ್ಲಕ್ಕಿಂತ ಚೆನ್ನಾಗಿದೆ. ಅಂಗಡಿಯಲ್ಲಿ ನೋಡುವಾಗ ಸೊಂಟ ಹಿಡಿದು ನಿಲ್ಲಿಸಿ ನೋಡಿ, ತಾನಾಗಿ ನಿಂತರೆ ಕೀಲು ಸರಿ ಇದೆ. ಕಾಲಿನ ಹಿಂದಿನ ಅಕ್ಷರ ಉಗುರಿಗೆ ತಾಗಬೇಕು. ಅಂಗಾಲಿನಲ್ಲಿ ಸ್ಟ್ಯಾಂಡಿನ ಗೂಟಕ್ಕೆ ಬಿಟ್ಟ ತೂತು ಒಡೆದಿರಬಾರದು. ಚ್ಯೂಬಾಕಾನ ಆಯುಧವಾದ ಬಿಲ್ಲು ಬೇರೆ ಸಿಕ್ಕರೆ ಬೇರೆಯೇ ತಗೊಳ್ಳಿ, ಬಿಲ್ಲಿನ ಸಮೇತ ಅಂತ ಎರಡು ಪಟ್ಟು ಕೇಳಿದರೆ ಸುಮ್ನೆ ಮುಂದಿನ ಸ್ಟಾಲಿಗೆ ನಡೆಯಿರಿ. ಎರಡನೆಯದಾಗಿ ಆರ್‌ಟೂ-ಡೀಟೂ. ಸ್ಟಿಕ್ಕರ್ ಹರಿದಿದ್ದರೂ ಪರವಾಗಿಲ್ಲ, ತಲೆ ತಿರುಗಿಸಿ ಕಟಕಟ ಕೇಳುತ್ತದೋ ನೋಡಿಕೊಂಡು ದುಡ್ಡು ಕೊಡಿ.